ಕೆಂಪು ಬಟ್ಟೆ ಕಟ್ಟಿದ ಬ್ರೇಕು

ಇಮೆಲ್ಡಾಳ ಫಿಯೆಟ್ ಕಾರು ಲಿಯೋನೆಲ್‌ನ ಗ್ಯಾರೇಜಿಗೆ ಬಂದು ನಿಂತದ್ದು ಅವನ ಬುತ್ತಿಯ ಮೇಲೆ.

ಕಾಪು ಪೇಟೆ ದಾಟಿ ಸ್ವಲ್ಪ ಮುಂದೆ, ಹೆದ್ದಾರಿಯ ಬದಿಯ ಗೋಳಿಮರದ ಕೆಳಗಿತ್ತು ಆ ಗ್ಯಾರೇಜು. ಊಟಕ್ಕೆ ಕುಳಿತಿದ್ದ ಲಿಯೋನೆಲ್ ಬುತ್ತಿಯನ್ನು ನೆಲದಲ್ಲಿಟ್ಟು ಕೈ ತೊಳೆಯಲು ಎದ್ದಿದ್ದ. ಇಮೆಲ್ಡಾ ಬ್ರೇಕ್ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಮೂರನೆಯ ಸಲಕ್ಕೆ ಕಾರು ನಿಂತಿತು. ಅಷ್ಟರಲ್ಲಿ ಅಲ್ಯೂಮಿನಿಯಂ ಬುತ್ತಿ ತಟ್ಟೆಯಾಗಿತ್ತು.

"ಅದರಲ್ಲಿ ಬಂಗುಡೆ ಇತ್ತು," ಎಂದ ಅವನು.

"ತಪ್ಪಾಯಿತು. ನಾನು ಬ್ರೇಕ್ ಒತ್ತಿದ್ದೆ."

"ಎಲ್ಲಿ? ನಿಮ್ಮ ಊರು ಶಂಕರಪುರದಲ್ಲಾ?"

ನಗಬಾರದೆಂದುಕೊಂಡರೂ ಅವಳಿಗೆ ನಗು ಬಂತು. "ಬ್ರೇಕ್ ಹಾಳಾಗಿದೆ ಅಂತಲೇ ಬಂದದ್ದು. ಸರಿ ಇದ್ದಿದ್ದರೆ ನಿಮ್ಮ ಬಂಗುಡೆ ಉಳಿಯುತ್ತಿತ್ತು."

"ಸರಿ ಇದ್ದಿದ್ದರೆ ನೀವು ಬರುತ್ತಲೇ ಇರಲಿಲ್ಲ."

ಅವನು ಇದನ್ನು ಹೇಳಿದ್ದು ಮುಂದಿನ ಚಕ್ರಕ್ಕೆ, ಅವಳಿಗಲ್ಲ. ಆದರೆ ಕೆಂಪಾದದ್ದು ಅವನ ಕಿವಿ.

ಅದು ಎಂಬತ್ತೆರಡರ ಮಾರ್ಚ್ ತಿಂಗಳು. ಇಮೆಲ್ಡಾಳಿಗೆ ಇಪ್ಪತ್ತಾರು ವರ್ಷ. ತಂದೆ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಮಲ್ಲಿಗೆ ಗಿಡಗಳು ಮತ್ತು ಅರವತ್ತನಾಲ್ಕರ ಈ ಫಿಯೆಟ್. ಶಂಕರಪುರದ ಹನ್ನೆರಡು ಮನೆಗಳ ಹೆಂಗಸರು ಬೆಳಗ್ಗೆ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯನ್ನು ಹನ್ನೊಂದು ಗಂಟೆಯೊಳಗೆ ಉಡುಪಿಗೆ ಮುಟ್ಟಿಸುವುದು ಅವಳ ಕೆಲಸ. ತಡವಾಗಿ ಬಂದ ಹೂವಿಗೆ ಕೊಳ್ಳುವವನು ಹೇಳಿದ್ದೇ ಬೆಲೆ. ಹುಡುಗಿ ಕಾರು ಬಿಡುತ್ತಾಳೆಂದು ಮೊದಲು ನಕ್ಕ ಹೆಂಗಸರೇ ಈಗ ಹೂವಿನ ಕಟ್ಟು ಹಿಡಿದು ಅವಳ ದಾರಿ ಕಾಯುತ್ತಿದ್ದರು.

ಆದರೆ ಮಳೆ ಬಂದರೆ ಆ ಕಾರಿನ ಬ್ರೇಕಿಗೆ ದೇವರೇ ಗತಿ. ಚಕ್ರದ ಒಳಗಿರುವ ಬ್ರೇಕ್ ಡ್ರಮ್ಮಿಗೆ ನೀರು ಹೊಕ್ಕರೆ ಒಂದು ಚಕ್ರ ಹಿಡಿಯುತ್ತದೆ, ಇನ್ನೊಂದು ಹಿಡಿಯುವುದಿಲ್ಲ. ಹೋದ ಮಳೆಗಾಲದಲ್ಲಿ ಕಟಪಾಡಿಯ ಹತ್ತಿರ ಅವಳು ಹೂವಿನ ಸಮೇತ ಗದ್ದೆಗೆ ಇಳಿದಿದ್ದಳು. ಅವಳ ತಾಯಿ ಝೀಟಾಬಾಯಿ ಅಂದೇ ಹೇಳಿಬಿಟ್ಟಿದ್ದಳು: "ಬರುವ ಮಳೆಯ ಮೊದಲು ಬ್ರೇಕ್ ಸರಿಯಾಗಬೇಕು. ಇಲ್ಲದಿದ್ದರೆ ಕಾರ್ಕಳದ ಟ್ಯಾಕ್ಸಿಯವರು ಕೇಳುತ್ತಿದ್ದಾರೆ, ಕೊಟ್ಟುಬಿಡುತ್ತೇನೆ. ನನಗೆ ಕಾರಿಗಿಂತ ಮಗಳು ಹೆಚ್ಚು."

ಲಿಯೋನೆಲ್ ಡ್ರಮ್ ಬಿಚ್ಚಿ ನೋಡಿ ತಲೆಯಾಡಿಸಿದ. "ಇದನ್ನು ಇನ್ನು ಲೇತಿಗೆ ಕೊಟ್ಟು ಕಡೆಸಲು ಆಗುವುದಿಲ್ಲ, ಸವೆದು ಹೋಗಿದೆ. ಹೊರದೇಶದಲ್ಲಿ ಇದೇ ಫಿಯೆಟ್‌ಗೆ ಮುಂದೆ ಡಿಸ್ಕ್ ಬ್ರೇಕ್ ಬರುತ್ತಿತ್ತಂತೆ. ನಾನು ಚಿತ್ರದಲ್ಲಿ ಮಾತ್ರ ನೋಡಿದ್ದು."

ಇಮೆಲ್ಡಾ ಕುವೈಟಿನಲ್ಲಿದ್ದ ತಮ್ಮ ಅಲೆಕ್ಸ್‌ಗೆ ಕಾಗದ ಬರೆದಳು. ಮೇ ತಿಂಗಳಲ್ಲಿ ರಜೆಗೆ ಬಂದ ನೆರೆಯವರೊಬ್ಬರ ಜೊತೆ ಭಾರವಾದ ಪೆಟ್ಟಿಗೆ ಬಂತು. ಒಳಗೊಂದು ಕಾಗದ. ಅದನ್ನು ಅವಳು ಅಂಗಳದಲ್ಲಿ ನಿಂತು ಲಿಯೋನೆಲ್‌ಗೆ ಓದಿ ಹೇಳಿದಳು.

"ಈ ಡಿಸ್ಕ್ ಬ್ರೇಕ್ ಗುಜರಿಯ ಫಿಯೆಟ್‌ನಿಂದ ನಾನೇ ಬಿಚ್ಚಿದ್ದು. ಕೆಂಪು ಬಟ್ಟೆ ಕಟ್ಟಿದ ಕ್ಯಾಲಿಪರ್ ಡ್ರೈವರ್ ಕೂರುವ ಬದಿಯದ್ದು. ನನ್ನ ಧಣಿ ಅರಬಿಯ ಗ್ಯಾರೇಜಿಗೆ ಒಬ್ಬ ಮೆಕ್ಯಾನಿಕ್ ಬೇಕು. ಲಿಯೋನೆಲ್ ಇದನ್ನು ಸರಿಯಾಗಿ ಕೂರಿಸಿದರೆ ಅವನಿಗೆ ವೀಸಾ ಕಳುಹಿಸುತ್ತೇನೆ. ಸರಿಯಾಯಿತಾ ಇಲ್ಲವಾ ಅಂತ ನೀನೇ ಬರೆ."

"ಒಳ್ಳೆಯ ಅವಕಾಶ," ಎಂದಳು ಇಮೆಲ್ಡಾ. ಯಾರಾದರೂ ಹೇಳುವ ಮಾತು ಅದು.

"ಹೌದು, ಒಳ್ಳೆಯದು," ಎಂದ ಅವನು.

ಇಬ್ಬರೂ ನಗಲಿಲ್ಲ.

ಕೆಲಸ ಅವಳ ಮನೆಯ ಅಂಗಳದಲ್ಲಿಯೇ ನಡೆಯಿತು. ಆ ದಿನಗಳಲ್ಲಿ ಹೂವು ಬಸ್ಸಿನಲ್ಲಿ ಹೋಯಿತು. ಮಧ್ಯಾಹ್ನ ಗ್ಯಾರೇಜು ಮುಚ್ಚಿ ಲಿಯೋನೆಲ್ ಸೈಕಲ್ ತುಳಿದುಕೊಂಡು ಬರುತ್ತಿದ್ದ.

"ಇದು ಹೇಗೆ ಹಿಡಿಯುತ್ತದೆ ಪುತಾ?" ಎಂದು ಝೀಟಾಬಾಯಿ ಚಹಾ ತಂದು ಕೇಳಿದಳು.

"ನೀವು ಬಿಸಿ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿಯುವುದಿಲ್ಲವಾ, ಹಾಗೆ. ಈ ತಟ್ಟೆ ಚಕ್ರದ ಜೊತೆ ತಿರುಗುತ್ತದೆ. ಕ್ಯಾಲಿಪರ್ ಅನ್ನುವುದು ಇಕ್ಕಳ. ಎಲ್ಲ ಹೊರಗೆ ಬಿಚ್ಚಿಕೊಂಡೇ ಇರುವುದರಿಂದ ನೀರು ನಿಲ್ಲುವುದಿಲ್ಲ."

ಬೇರೆ ತುಂಡುಗಳೆಲ್ಲ ಒಂದೊಂದು ಬದಿಗೆ ಮಾತ್ರ ಕೂರುತ್ತಿದ್ದವು. ಕ್ಯಾಲಿಪರ್‌ಗಳು ಎರಡೂ ಬದಿಗೆ ಕೂರುವಂತಿದ್ದವು. ಅವನು ಕಾಗದದಲ್ಲಿದ್ದ ಹಾಗೆ ಕೆಂಪು ಬಟ್ಟೆಯದ್ದನ್ನು ಡ್ರೈವರ್ ಬದಿಗೆ, ಬಲಕ್ಕೆ, ಕೂರಿಸಿದ. ಆಮೇಲೆ ಪೈಪಿನ ಗಾಳಿ ತೆಗೆಯುವ ಕೆಲಸ. ಆಯಿಲಿನ ಜೊತೆ ಗಾಳಿ ಉಳಿದರೆ ಪೆಡಲ್ ಮೆತ್ತಗಾಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

"ಇದಕ್ಕೆ ಇಬ್ಬರು ಬೇಕು," ಎಂದ ಅವನು. "ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಒಬ್ಬರು ಚಕ್ರದ ಹತ್ತಿರ ಸ್ಕ್ರೂ ಸಡಿಲಿಸಿ ಗಾಳಿ ಬಿಡಬೇಕು. ನನ್ನ ಗ್ಯಾರೇಜಿನಲ್ಲಿ ಇನ್ನೊಬ್ಬ ಆಳಿಲ್ಲ."

ಅವಳು ಡ್ರೈವರ್ ಸೀಟಿನಲ್ಲಿ ಕುಳಿತಳು. ಅವನು ಚಕ್ರದ ಮರೆಗೆ ಹೋದ.

"ಒತ್ತಿ."

"ಒತ್ತಿದೆ."

"ಹಿಡಿಯಿರಿ." ಬಾಟಲಿಯಲ್ಲಿ ಆಯಿಲ್ ಬೀಳುವ ಸದ್ದು. "ಬಿಡಿ."

ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ಮುಖ ಕಾಣದಿದ್ದಾಗ ಮಾತಿಗೆ ಧೈರ್ಯ ಹೆಚ್ಚು.

"ಕಾಲು ನೋಯುವುದಿಲ್ಲವಾ?"

"ಬೆಳಗ್ಗೆ ಐದಕ್ಕೇ ಮಲ್ಲಿಗೆ ಗಿಡದ ಹತ್ತಿರ ನಿಲ್ಲುವ ಕಾಲು ಇದು. ಬಂಗುಡೆ ಬುತ್ತಿಯವರಿಗೆ ಎಂತ ಗೊತ್ತು?"

"ಬುತ್ತಿ ಎಲ್ಲಿ ಉಂಟು? ಈಗ ಎಲೆಯಲ್ಲಿ ಕಟ್ಟಿಕೊಂಡು ಬರುವುದು. ಒತ್ತಿ."

ಬೆವರು ಒರೆಸಲು ಅವನು ಎದ್ದು ಕಾರಿನ ಹಿಂದಿನ ನೆರಳಿಗೆ ಹೋದಾಗಲೆಲ್ಲ ಅವಳು ಪಕ್ಕದ ಕನ್ನಡಿಯಲ್ಲಿ ನೋಡುತ್ತಿದ್ದಳು. ಎರಡನೆಯ ದಿನ ಕನ್ನಡಿಯೊಳಗೆ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಇಬ್ಬರೂ ತೆಗೆಯಲಿಲ್ಲ.

"ಅಲ್ಲಿ ಎಂತ ಕಾಣುತ್ತದೆ?"

"ಮೂಗಿನ ಮೇಲೆ ಗ್ರೀಸ್."

ಅವನು ಒರೆಸಿಕೊಂಡ. ಗ್ರೀಸ್ ಕೆನ್ನೆಗೂ ಹಬ್ಬಿತು. ಅವಳು ಸ್ಟಿಯರಿಂಗ್‌ಗೆ ಹಣೆ ಇಟ್ಟು ನಕ್ಕಳು.

ಹೀಗೆ ಮೂರು ಮಧ್ಯಾಹ್ನ. ಎಷ್ಟು ಒತ್ತಿದರೂ ಪೆಡಲ್ ಇಡ್ಲಿಯ ಹಾಗೆ ಮೆತ್ತಗೇ ಇತ್ತು. ಮೂರನೆಯ ದಿನ ಗುರುವಾರ. ಮಳೆ ಹತ್ತಿರ ಬಂತೆಂದು ಝೀಟಾಬಾಯಿ ಕಾರ್ಕಳದ ಟ್ಯಾಕ್ಸಿಯವರಿಗೆ ಶನಿವಾರ ಬರಲು ಹೇಳಿಯಾಗಿತ್ತು. ಲಿಯೋನೆಲ್ ಸ್ಪ್ಯಾನರ್ ಕೆಳಗಿಟ್ಟ.

"ಇದು ನನ್ನಿಂದ ಆಗುವುದಿಲ್ಲ. ಶನಿವಾರ ಕಾರ್ಕಳದವರು ಬರುತ್ತಾರಲ್ಲ, ಹಳೆಯ ಡ್ರಮ್ಮೇ ಹಾಕಿ ಕೊಡುತ್ತೇನೆ."

ಝೀಟಾಬಾಯಿ ಚಹಾ ಹಿಡಿದು ಬಂದಾಗ ಅವನು ಗೇಟಿನಾಚೆ ಇದ್ದ. ಸೈಕಲ್ ಹತ್ತದೆ ತಳ್ಳಿಕೊಂಡು ಹೋಗುತ್ತಿದ್ದ.

ಸಂಜೆ ತೇರ್ಸದ ಜಪ ಹೇಳಲು ತಾಯಿ ಮಗಳು ಮೊಣಕಾಲೂರಿದರು. ಯೇಸುವಿನ ಚಿತ್ರದ ಕೆಳಗೆ ಅಲೆಕ್ಸ್ ಕಳುಹಿಸಿದ ಫೋಟೋ ಇತ್ತು. ಕುವೈಟಿನಲ್ಲಿ, ಕಾರಿನ ಕಿಟಕಿಯಿಂದ ಮೊಣಕೈ ಹೊರಗೆ ಚಾಚಿ ಸ್ಟಿಯರಿಂಗ್ ಹಿಡಿದು ಕುಳಿತ ಅಲೆಕ್ಸ್. ಇಮೆಲ್ಡಾ ಜಪಸರದ ಮಣಿ ಎಣಿಸುತ್ತ ಅದನ್ನೇ ನೋಡಿದಳು.

"ಬಾಯೆ, ಹತ್ತು ಸಾಕು. ನೀನು ಹನ್ನೊಂದನೆಯ ನಮಾನ್ ಮರಿಯೆ ಹೇಳುತ್ತಿದ್ದೀ," ಎಂದಳು ತಾಯಿ.

ಸ್ಟಿಯರಿಂಗ್ ಎಡಗಡೆ ಇತ್ತು.

ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ಅಲೆಕ್ಸ್ ಕೆಂಪು ಬಟ್ಟೆ ಕಟ್ಟಿದ್ದು ಎಡದ ಕ್ಯಾಲಿಪರಿಗೆ. ಲಿಯೋನೆಲ್ ಅದನ್ನು ಬಲಕ್ಕೆ ಹಾಕಿದ್ದ.

ಅವಳು ಸುಮ್ಮನಿದ್ದರೂ ಸಾಕಿತ್ತು, ಸುಳ್ಳು ಹೇಳಬೇಕಿರಲಿಲ್ಲ. ಸುಮ್ಮನಿದ್ದರೆ ಶನಿವಾರ ಕಾರು ಹೋಗುತ್ತದೆ, ಲಿಯೋನೆಲ್ ಕಾಪುವಿನಲ್ಲಿಯೇ ಉಳಿಯುತ್ತಾನೆ. ಹೇಳಿದರೆ ಕಾರು ಉಳಿಯುತ್ತದೆ, ಅವನು ಕುವೈಟಿಗೆ ಹೋಗುತ್ತಾನೆ.

ಮರುದಿನ ಉಡುಪಿಗೆ ಹೂವು ಕೊಂಡುಹೋದ ಬಸ್ಸಿನಲ್ಲಿಯೂ ಅವಳು ಇದನ್ನೇ ಯೋಚಿಸಿದಳು. ಕಣ್ಣ ಮುಂದೆ ಬಂದದ್ದು ಮಾತ್ರ ಸೈಕಲ್ ತಳ್ಳಿಕೊಂಡು ಹೋದ ಆ ಬೆನ್ನು. ತನ್ನ ಕೈಕೆಲಸದ ಮೇಲಿನ ನಂಬಿಕೆ ಕಳೆದುಕೊಂಡವನನ್ನು ಹತ್ತಿರ ಉಳಿಸಿಕೊಂಡು ಎಂತ ಮಾಡುವುದು?

ಬರುವಾಗ ಅವಳು ಶಂಕರಪುರದ ಬಸ್ಸು ಬಿಟ್ಟು ಕಾಪುವಿನ ಬಸ್ಸು ಹತ್ತಿದಳು. ಗ್ಯಾರೇಜಿಗೆ ಹೋಗಿ, ಚೀಲದಲ್ಲಿದ್ದ ಫೋಟೋ ತೆಗೆದು ಅವನ ಮುಂದೆ ಹಿಡಿದಳು.

"ಅಲೆಕ್ಸ್ ದಪ್ಪ ಆಗಿದ್ದಾನೆ," ಎಂದ ಲಿಯೋನೆಲ್.

"ಅವನನ್ನಲ್ಲ ಮಾರಾಯ್ರೆ. ಸ್ಟಿಯರಿಂಗ್ ನೋಡಿ."

ಅವನು ನೋಡಿದ. ಹಾಗೆಯೇ ಹಳೆಯ ಟಯರಿನ ಮೇಲೆ ಕುಳಿತುಬಿಟ್ಟ. "ಅದಲು ಬದಲಾಗಿದೆ! ಅದಕ್ಕೇ ಗಾಳಿ ತೆಗೆಯುವ ಸ್ಕ್ರೂ ಕೆಳಗೆ ಬಂದದ್ದು. ಗಾಳಿ ಮೇಲಕ್ಕೆ ಹೋಗುವುದು, ನಾನು ಬಾಗಿಲು ತೆರೆದದ್ದು ಕೆಳಗೆ. ಮೂರು ದಿನ ನಿಮ್ಮಿಂದ ಸುಮ್ಮನೆ ಒತ್ತಿಸಿದೆನಲ್ಲ!"

"ಸುಮ್ಮನೆ ಅಲ್ಲ," ಎಂದಳು ಅವಳು, ಗೋಳಿಮರದ ಕಡೆ ನೋಡುತ್ತ.

"ನಿಮಗೆ ಯಾವಾಗ ಗೊತ್ತಾಯಿತು?"

"ನಿನ್ನೆ ಸಂಜೆ."

"ಬೆಳಗ್ಗೆಯೇ ಹೇಳಿ ಕಳುಹಿಸಬಹುದಿತ್ತು."

"ಕಳುಹಿಸಬಹುದಿತ್ತು."

ಅವನು ಟಯರಿನಿಂದ ಎದ್ದ. ಅವಳ ಮುಖವನ್ನೇ ನೋಡಿದ. ಈ ಸಲ ನಡುವೆ ಕನ್ನಡಿ ಇರಲಿಲ್ಲ.

ಆ ಮಧ್ಯಾಹ್ನ ಕ್ಯಾಲಿಪರ್‌ಗಳು ಬದಿ ಬದಲಿಸಿದವು. ಹತ್ತು ಸಲ ಒತ್ತುವುದರೊಳಗೆ ಪೆಡಲ್ ಅವಳ ಕಾಲಿಗೆ ಕಲ್ಲಿನಂತೆ ಗಟ್ಟಿಯಾಗಿ ಸಿಕ್ಕಿತು. ಕಾರ್ಕಳದವರಿಗೆ ಬರುವುದು ಬೇಡವೆಂದು ಝೀಟಾಬಾಯಿ ಅಂದೇ ಹೇಳಿ ಕಳುಹಿಸಿದಳು.

ಶನಿವಾರ ಹೂವು ತುಂಬಿದ ಕಾರು ಹತ್ತೂವರೆಗೇ ಉಡುಪಿ ಮುಟ್ಟಿತು. ಲಿಯೋನೆಲ್ ಪಕ್ಕದ ಸೀಟಿನಲ್ಲಿದ್ದ, ಒಗೆದ ಬಿಳಿ ಅಂಗಿಯಲ್ಲಿ. ಹೂವು ಇಳಿಸಿದ ಮೇಲೆ ಪರೀಕ್ಷೆಗೆಂದು ಮಣಿಪಾಲಕ್ಕೆ ಹತ್ತಿದರು. ತಿರುಗಿ ಇಳಿಜಾರಿನಲ್ಲಿ ಬರುವಾಗ ಮುಂದಿದ್ದ ಸಿಟಿ ಬಸ್ಸು, ಯಾರೋ ಕೈ ತೋರಿಸಿದರೆಂದು, ರಸ್ತೆ ಮಧ್ಯದಲ್ಲಿಯೇ ನಿಂತುಬಿಟ್ಟಿತು.

ಇಮೆಲ್ಡಾ ಒತ್ತಿದಳು. ಒಂದೇ ಸಲ. ಕಾರು ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ, ಬಸ್ಸಿನ ಹಿಂದೆ ಒಂದು ಮಾರು ದೂರದಲ್ಲಿ ನೆಟ್ಟ ಹಾಗೆ ನಿಂತಿತು.

ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ನೋಡಿದ. "ಎಂತ ಅಕ್ಕ, ದೋಣಿಯ ಹಾಗೆ ಲಂಗರು ಹಾಕಿದ್ದಾ?"

ಬಸ್ಸು ಹೋಯಿತು. ಅವಳು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು.

"ಇನ್ನು ವೀಸಾ ಬರುತ್ತದೆ," ಎಂದಳು.

"ಬರುತ್ತದೆ." ಅವನು ಅಂಗಿಯ ಗುಂಡಿ ತಿರುವಿದ. "ನನಗೆ ಅರಬಿಯ ಗ್ಯಾರೇಜಿನ ಆಸೆ ಇಲ್ಲ. ಎರಡು ವರ್ಷ ಅಲ್ಲಿದ್ದು ಬಂದರೆ, ನಿಮ್ಮ ಮಾಂಯ್ ಝೀಟಾಬಾಯಿಯ ಹತ್ತಿರ ಒಂದು ಮಾತು ಕೇಳಲು ಮುಖ ಇರುತ್ತದೆ ಅಂತ ಅಷ್ಟೇ."

"ಎಂತ ಮಾತು?"

"ನೀವು ರಸ್ತೆ ನೋಡಿ."

"ಕಾರು ನಿಂತಿದೆ."

ಅವನು ಮತ್ತೆ ಗುಂಡಿಗೆ ಕೈ ಹಾಕಿದ. ಕಿವಿಗಳು ಮಾರ್ಚ್ ತಿಂಗಳಲ್ಲಿ ಆದಂತೆಯೇ ಕೆಂಪಾದವು. ಅವಳು ಖಾಲಿ ಹೂವಿನ ಬುಟ್ಟಿಯೊಳಗಿಂದ ವಿಮಾನ ಅಂಚೆಯ ಕಾಗದ ತೆಗೆದಳು. "ಇನ್ನೂ ಅಂಟಿಸಿಲ್ಲ. ಓದಿ."

ಅವನು ಓದಿದ.

"ಅಲೆಕ್ಸ್, ಬ್ರೇಕ್ ಗಟ್ಟಿಯಾಗಿ ಕೂತಿದೆ. ತಪ್ಪು ಮೆಕ್ಯಾನಿಕ್‌ನದ್ದಲ್ಲ. ಊರಿನಲ್ಲಿ ಡ್ರೈವರ್ ಯಾವ ಬದಿ ಕೂರುತ್ತಾನೆ ಅಂತ ಐದೇ ವರ್ಷದಲ್ಲಿ ನೀನು ಮರೆತದ್ದು. ಲಿಯೋನೆಲ್ ಒಳ್ಳೆಯ ಕೆಲಸಗಾರ, ಅದಕ್ಕೆ ನಾನು ಸಾಕ್ಷಿ. ಅವನು ಬೇಕು ಅಂದರೆ ವೀಸಾ ಕಳುಹಿಸು. ಬೇಡ ಅಂದರೆ ಅದೇ ಗುಜರಿಯಿಂದ ಇನ್ನೂ ನಾಲ್ಕು ಸೆಟ್ ಬ್ರೇಕ್ ಕಳುಹಿಸು. ಉಡುಪಿಯಿಂದ ಕಾರ್ಕಳದವರೆಗೆ ಮಳೆಗೆ ಹೆದರುವ ಫಿಯೆಟ್‌ಗಳು ಬೇಕಾದಷ್ಟು ಉಂಟು. ಇಬ್ಬರು ಮಾಡಬೇಕಾದ ಕೆಲಸ ಅದು. ಎರಡನೆಯವಳು ನಾನು, ಅವನು ಒಪ್ಪಿದರೆ."

ಅವನು ಎರಡು ಸಲ ಓದಿದ. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು ಮೊಣಕಾಲಿನ ಮೇಲೆ ಕಾಗದವಿಟ್ಟು, ಮೈಲಿಗಲ್ಲಿನಷ್ಟು ದೊಡ್ಡ ಅಕ್ಷರಗಳಲ್ಲಿ ಕೆಳಗೆ ಬರೆದ. ಅವಳು ಬಗ್ಗಿ ನೋಡಿದಳು.

"ನಾಲ್ಕು ಸಾಲದು, ಆರು ಕಳುಹಿಸು. ಬಟ್ಟೆ ಕಟ್ಟಬೇಡ. ಎಡ, ಬಲ ಅಂತ ಬರೆ. ಝೀಟಾಬಾಯಿ ಒಪ್ಪಿದರೆ ನಿನ್ನ ಭಾವ, ಲಿಯೋನೆಲ್."

"ಮಾಂಯ್ ಒಪ್ಪದಿದ್ದರೆ?" ಎಂದಳು ಅವಳು.

"ಒಪ್ಪುವವರೆಗೆ ದಿನಾ ಬಂದು ಚಹಾ ಕುಡಿಯುತ್ತೇನೆ. ಗುರುವಾರದ್ದು ಒಂದು ಬಾಕಿ ಉಂಟು." ಅವನು ಕೆಳಗೆ ನೋಡಿದ. "ನಿಮ್ಮ ಕಾಲು ಇನ್ನೂ ಬ್ರೇಕಿನ ಮೇಲೆಯೇ ಉಂಟಲ್ಲ."

"ನೀವು ಬಿಡಿ ಅಂತ ಹೇಳಲಿಲ್ಲ."

ಲಿಯೋನೆಲ್ ಕಾಗದವನ್ನು ಮಡಚಿ, ಅಂಚಿಗೆ ನಾಲಗೆ ತಾಗಿಸಿ ಅಂಟಿಸಿದ. ಕೆಳಗೆ ಉಡುಪಿಯ ತೆಂಗಿನ ತಲೆಗಳಾಚೆ, ದೂರದ ಸಮುದ್ರದ ಮೇಲೆ ಮೊದಲ ಮಳೆಯ ಮೋಡ ಕಪ್ಪಾಗಿ ಎದ್ದಿತ್ತು.

"ಈಗ ಬಿಡಿ," ಎಂದ ಅವನು. "ನಿಧಾನ. ಮಳೆ ಬರುವ ಹಾಗೆ ಉಂಟು."

"ಬರಲಿ," ಎಂದಳು ಇಮೆಲ್ಡಾ.