ಚಾಪೆಯ ಅಂಚಿನಲ್ಲಿ ಕೂತವಳು

"ಮುಟ್ಟಬೇಡಿ... ಮುಟ್ಟಬೇಡಿ ಅಂದೆ!"

ಅವನು ಕಿರುಚುವ ಹೊತ್ತಿಗೆ ಅವಳ ಎರಡೂ ಕೈ ಅವನ ಎಡ ಭುಜದ ಮೇಲಿದ್ದವು. ಕೀಲು ತಪ್ಪಿದ ಭುಜ. ಮೂಳೆ ಡಾಕ್ಟರಿಗೆ ಅದನ್ನು ನೋಡಿಕೊಂಡು ಸುಮ್ಮನೆ ಕೂರಲು ಆಗುತ್ತದೆಯೇ? ಒಂದು ಎಳೆತ, ಒಂದು ತಿರುವು... ಟಕ್! ಕೀಲು ಕೂತಿತು.

"ಆಯ್ತು, ಇನ್ನು ನೋವು ಇಳಿಯುತ್ತೆ," ಎಂದು ಅವಳು ನಕ್ಕಳು.

ಅವನು ನಗಲಿಲ್ಲ. ಅವನ ಹಿಂದೆ ರೆಫರಿ ಎದುರಾಳಿಯ ಕಡೆ ಕೈ ಎತ್ತಿ ತೋರಿಸುತ್ತಿದ್ದ. ಪಂದ್ಯ ಮುಗಿದಿತ್ತು!

"ನಿಮ್ಮನ್ನ ಯಾರ್ರೀ ಕರೆದಿದ್ದು? ಜೂಡೊದಲ್ಲಿ ಡಾಕ್ಟರ್ ಕೈ ಹಾಕಿ ಚಿಕಿತ್ಸೆ ಮಾಡಿದ್ರೆ ಆಟಗಾರ ಸೋತ ಹಾಗೆ. ಅಷ್ಟೂ ಗೊತ್ತಿಲ್ದೆ ಇಲ್ಲಿ ಬಂದು ಕೂತಿದೀರಾ? ನಾನು ಮುಂದಿದ್ದೆ... ಗೆಲ್ತಾ ಇದ್ದೆ!"

ಗೊತ್ತಿರಲಿಲ್ಲ. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ. ಬರಬೇಕಿದ್ದ ಡಾಕ್ಟರು ಬರಲಿಲ್ಲವೆಂದು ಆಸ್ಪತ್ರೆಯವರು ಅವತ್ತು ಬೆಳಿಗ್ಗೆಯಷ್ಟೇ ಅವಳನ್ನು ಕಳಿಸಿದ್ದರು. ಅದು ತಂಡದ ಆಯ್ಕೆಯ ಪಂದ್ಯ ಎನ್ನುವುದೂ ಅವಳಿಗೆ ತಿಳಿದದ್ದು ಆಮೇಲೆಯೇ. ಸಭಾಂಗಣದ ತುಂಬ ಜನ. ಅಷ್ಟೂ ಜನರ ಮುಂದೆ ಅವಳ ಕಣ್ಣು ತುಂಬಿ ಬಂತು, ಅವನದೂ.

ಒಂದು ವರ್ಷ ಕಳೆಯಿತು.

ಆ ಒಂದು ವರ್ಷದಲ್ಲಿ ಅವಳು ಜೂಡೊ ನಿಯಮದ ಪುಸ್ತಕವನ್ನು ಅಕ್ಷರ ಬಿಡದೆ ಓದಿದಳು. ಅರ್ಜಿ ಹಾಕಿ, ಪರೀಕ್ಷೆ ಬರೆದು, ಜೂಡೊ ತಂಡದ ಡಾಕ್ಟರೇ ಆದಳು. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಎಂದು ತನಗೆ ತಾನೇ ಹೇಳಿಕೊಂಡಳು. ಪ್ರಾಯಶ್ಚಿತ್ತಕ್ಕೆ ಹೊರಟವರು ಕನ್ನಡಿಯ ಮುಂದೆ ಅಷ್ಟು ಹೊತ್ತು ನಿಲ್ಲುವುದಿಲ್ಲ, ಆ ಮಾತು ಬೇರೆ.

ಅಂತರರಾಷ್ಟ್ರೀಯ ಕ್ರೀಡಾಕೂಟದ ಅಭ್ಯಾಸದ ಹಾಲ್‌ನಲ್ಲಿ ಅವನನ್ನು ಮತ್ತೆ ಕಂಡಾಗ ಅವಳ ಎದೆ ಧಸಕ್ಕೆಂದಿತು. ಎಪ್ಪತ್ಮೂರು ಕಿಲೋ ವರ್ಗದಲ್ಲಿ ಅವನ ಜಾಗ ಅವತ್ತು ಗೆದ್ದವನಿಗೆ ಹೋಗಿತ್ತು. ಹಾಗಾದರೆ ಇವನು ಇಲ್ಲಿ...?

"ತೂಕದ ಮಿತಿ ಇಲ್ದಿರೋ ವಿಭಾಗಕ್ಕೆ," ಎಂದರು ಕೋಚ್. "ಅದರಲ್ಲಿ ಆಡ್ಬೇಕಿದ್ದ ನಮ್ಮ ದಡಿಯ ಮಂಡಿ ಮುರ್ಕೊಂಡ. ಖಾಲಿ ಉಳಿದಿದ್ದು ಅದೊಂದೇ. ಯಾರು ಹೋಗ್ತೀರಿ ಅಂದೆ, ನಮ್ಮ ಕಡ್ಡಿ ಕೈ ಎತ್ತಿದ."

ಕಡ್ಡಿ! ತಂಡದವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಎದುರಿಗೆ ಬರುವವರು ನೂರಿಪ್ಪತ್ತು, ನೂರೈವತ್ತು ಕಿಲೋದವರು. ಅವರ ನಡುವೆ ಅವನು ಕಡ್ಡಿಯೇ ಸರಿ.

'ಇವನನ್ನು ಈ ಬೆಟ್ಟಗಳ ಕೆಳಗೆ ತಳ್ಳಿದ್ದು ನನ್ನ ಕೈ...' ಅವಳಿಗೆ ಊಟ ಸೇರಲಿಲ್ಲ.

ಅವನು ಎಲ್ಲರ ಜೊತೆ ನಗುತ್ತಿದ್ದ. ಮನೆ ಸಾಮಾನು ಸಾಗಿಸುವುದು ಅವನ ಕೆಲಸ. "ಮೂರನೇ ಮಹಡಿಯಿಂದ ಬೀರು ಇಳಿಸೋನಿಗೆ ಈ ದಪ್ಪನವರು ಯಾವ ಲೆಕ್ಕ? ಬೀರು ಆದ್ರೆ ತಿರುಗಿ ಎತ್ತಿ ಹಾಕಲ್ಲ, ಅಷ್ಟೇ ವ್ಯತ್ಯಾಸ!" ಎಂದು ಎಲ್ಲರನ್ನೂ ನಗಿಸುತ್ತಿದ್ದ. ಅವಳು ಬಂದರೆ ಮಾತ್ರ ಬಾಯಿಗೆ ಬೀಗ. "ನಮಸ್ಕಾರ ಡಾಕ್ಟ್ರೇ" ಎಂದು ಪಕ್ಕಕ್ಕೆ ಸರಿಯುತ್ತಿದ್ದ. ಇನ್ನೂ ಗಟ್ಟಿಯಾಗದ ಆ ಎಡ ಭುಜ ನೋಯುವಾಗ ಮಾಲೀಶಿನವರ ಹತ್ತಿರ ಹೋಗುತ್ತಿದ್ದನೇ ಹೊರತು ಅವಳ ಕೋಣೆಯ ಹೊಸ್ತಿಲು ತುಳಿಯುತ್ತಿರಲಿಲ್ಲ.

ಇಷ್ಟೊಂದು ದ್ವೇಷವೇ!

ಆದರೆ ಒಂದು ದಿನ ತುಳಿಯಲೇಬೇಕಾಯಿತು. ಆಡಲು ಯೋಗ್ಯ ಎಂದು ಡಾಕ್ಟರು ಸಹಿ ಮಾಡದೆ ಯಾರೂ ಪಂದ್ಯದ ಚಾಪೆ ಹತ್ತುವಂತಿರಲಿಲ್ಲ.

"ಸೈನ್ ಬೇಕಿತ್ತು," ಎಂದು ಬಾಗಿಲಲ್ಲೇ ನಿಂತ.

"ಒಳಗೆ ಬನ್ನಿ. ಭುಜ ನೋಡ್ಬೇಕು."

"ನೋಡಿದ್ರೆ ಏನು ಬರೀತೀರ ಅಂತ ನಿಮಗೂ ಗೊತ್ತು, ನನಗೂ ಗೊತ್ತು."

ಅವಳು ಕಾಗದಕ್ಕೆ ಕೈ ಚಾಚಿದಳು.

"ಹನ್ನೊಂದು ವರ್ಷ ಡಾಕ್ಟ್ರೇ... ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಲಾರಿ, ಸಂಜೆ ಮತ್ತೆ ಪ್ರಾಕ್ಟೀಸು. ಇದು ಬಿಟ್ರೆ ವಯಸ್ಸು ಮೀರುತ್ತೆ. ಒಂದು ಸಲ ಕಿತ್ಕೊಂಡ್ರಿ. ಎರಡನೇ ಸಲ ಬೇಡ, ದಮ್ಮಯ್ಯ."

ಅವಳು ಡಾಕ್ಟರ್ ಆಗಿ ಯೋಚಿಸಬೇಕಿತ್ತು. ಅಂಗಿ ತೆಗೆಸಿ, ಭುಜ ತಿರುಗಿಸಿ ನೋಡಿ, 'ಯೋಗ್ಯನಲ್ಲ' ಎಂದು ಬರೆಯಬೇಕಿತ್ತು. ಆದರೆ ಆ ಮುಖ ನೋಡಿಕೊಂಡು ಹೇಗೆ ಬರೆಯುವುದು? ಬರೆದರೂ ತಪ್ಪು, ಬರೆಯದಿದ್ದರೂ ತಪ್ಪು. ಅತ್ತ ದರಿ, ಇತ್ತ ಪುಲಿ...

ಭುಜ ಮುಟ್ಟಿಯೂ ನೋಡದೆ ಸಹಿ ಮಾಡಿಬಿಟ್ಟಳು.

ಅವನು ಕಾಗದ ತೆಗೆದುಕೊಂಡ. ಮಡಚಿ ಜೇಬಿಗಿಟ್ಟುಕೊಂಡು ಹೋದ.

ಪಂದ್ಯದ ದಿನ ಅವನು ಎರಡು ಗೆದ್ದ, ಒಂದು ಸೋತ. ಉಳಿದದ್ದು ಕಂಚಿನ ಪದಕದ ಪಂದ್ಯ. ಎದುರಾಳಿಗೆ ತಂಡದವರು ಆಗಲೇ 'ಗೋಡೆ' ಎಂದು ಹೆಸರಿಟ್ಟಿದ್ದರು. ನೂರ ನಲವತ್ತೆಂಟು ಕಿಲೋ! ಇಬ್ಬರೂ ಎದುರುಬದುರು ನಿಂತು ತಲೆಬಾಗಿದಾಗ ಪ್ರೇಕ್ಷಕರಲ್ಲಿ ಕೆಲವರು ನಕ್ಕರು.

ಅವಳು ಚಾಪೆಯ ಅಂಚಿನ ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಔಷಧಿ ಪೆಟ್ಟಿಗೆ, ಅದರ ಮೇಲೆ ಅವಳ ಕೈ. ಗೋಡೆ ಅವನನ್ನು ಎಳೆದಾಡುತ್ತಿತ್ತು, ಒತ್ತುತ್ತಿತ್ತು. ಪ್ರತಿ ಸಲ ಅವನ ಎಡಗೈ ತಿರುಚಿದಾಗ ಇವಳ ಬೆರಳು ಪೆಟ್ಟಿಗೆಯ ಚಿಲಕಕ್ಕೆ ಹೋಗುತ್ತಿತ್ತು. ಕೂಗುವಂತಿಲ್ಲ, ಏಳುವಂತಿಲ್ಲ. ಕರೆದರೆ ಮಾತ್ರ ಹೋಗಬೇಕು. ಹೋದರೂ ನೋಡಬಹುದು, ಕೇಳಬಹುದು, ಚಿಕಿತ್ಸೆ ಮಾಡುವಂತಿಲ್ಲ. ಇದೆಂಥ ಡಾಕ್ಟರಿಕೆ!

ಇದ್ದಕ್ಕಿದ್ದಂತೆ ಅವನು ಗೋಡೆಯ ತೋಳಿನ ಕೆಳಗೆ ನುಗ್ಗಿ, ಸೊಂಟ ಕೊಟ್ಟು ಎತ್ತಿದ. ಆ ಭಾರದ ದೇಹ ಒಂದು ಪಕ್ಕಕ್ಕೆ ಧೊಪ್ಪೆಂದು ಬಿತ್ತು.

ಅರ್ಧ ಅಂಕದ ಮುನ್ನಡೆ! ನಕ್ಕವರೇ ಎದ್ದು ನಿಂತು ಕೂಗಿದರು. ಕೋಚ್ ಕುರ್ಚಿಯನ್ನೇ ಬೀಳಿಸಿದರು.

ಮರುನಿಮಿಷದಲ್ಲಿ ಗೋಡೆ ಅವನನ್ನು ಹಿಡಿದುಕೊಂಡೇ ಅವನ ಮೇಲೆ ಬಿತ್ತು. ಅದಕ್ಕೆ ಅಂಕ ಬರಲಿಲ್ಲ, ಆದರೆ ಅವನ ಎಡಗೈ ಕೆಳಗೆ ಸಿಕ್ಕಿತ್ತು. ಆ ಸದ್ದು ಅವಳಿಗೆ ಗೊತ್ತಿತ್ತು.

ರೆಫರಿ ಗಡಿಯಾರ ನಿಲ್ಲಿಸಿ ಅವಳನ್ನು ಕರೆದ. ಉಳಿದದ್ದು ಎಪ್ಪತ್ತೊಂದು ಸೆಕೆಂಡು.

ಅವಳು ಅವನ ಪಕ್ಕ ಮಂಡಿಯೂರಿದಳು.

"ಏನೂ ಆಗಿಲ್ಲ ಅಂತ ಹೇಳಿ," ಎಂದು ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ. "ಎಪ್ಪತ್ತೊಂದು ಸೆಕೆಂಡು ತಪ್ಪಿಸ್ಕೊಂಡು ಓಡಾಡಿದ್ರೆ ಸಾಕು. ಪದಕ ನಂದು."

"ಬೆರಳು ಆಡಿಸಿ."

"ಡಾಕ್ಟ್ರೇ..."

"ಬೆರಳು ಆಡಿಸಿ ನೋಡೋಣ!"

ಬೆರಳು ಅಲುಗಲಿಲ್ಲ. ಬೆಳ್ಳಗೆ, ರಕ್ತವೇ ಇಲ್ಲದಂತೆ ಚಾಪೆಯ ಮೇಲೆ ಬಿದ್ದಿದ್ದವು. ಕೀಲು ತಪ್ಪಿದ ಮೂಳೆ ರಕ್ತನಾಳವನ್ನು ಒತ್ತಿ ಹಿಡಿದಿತ್ತು. ಈ ಸ್ಥಿತಿಯಲ್ಲಿ ಇನ್ನೊಮ್ಮೆ ಆ ಭಾರ ಬಿದ್ದರೆ... ಬೀರು ಹೊರುವ ಕೈ, ಹಗ್ಗ ಬಿಗಿಯುವ ಕೈ, ಏನೂ ಉಳಿಯುವುದಿಲ್ಲ.

ಅವನ ಕಣ್ಣು ಅವಳ ಮುಖದ ಮೇಲೇ ಇತ್ತು. ಸಹಿ ಕೇಳಿದ ದಿನವೂ ಅವನು ಹಾಗೆ ಬೇಡಿಕೊಂಡಿರಲಿಲ್ಲ.

'ದೇವರೇ, ಇವತ್ತು ಈ ಜಾಗದಲ್ಲಿ ಬೇರೆ ಯಾರನ್ನಾದರೂ ಕೂರಿಸಬಾರದಿತ್ತೇ!'

ಹೋದ ಸಲ ನಿಯಮ ಗೊತ್ತಿರಲಿಲ್ಲ. ಈ ಸಲ ಚೆನ್ನಾಗಿ ಗೊತ್ತಿತ್ತು.

"ನನ್ನನ್ನ ಕ್ಷಮಿಸಬೇಡಿ," ಎಂದು ಹೇಳಿ ಅವಳು ಎರಡೂ ಕೈಯಿಂದ ಭುಜ ಹಿಡಿದಳು.

ಅವನು ಕಿರುಚಲಿಲ್ಲ. ಕಣ್ಣು ಮುಚ್ಚಿದ, ಅಷ್ಟೇ. ರೆಫರಿಯ ಕೈ ಗೋಡೆಯ ಕಡೆ ಎದ್ದಿತು. ಕೋಚ್ ತಲೆಯ ಮೇಲೆ ಕೈ ಹೊತ್ತು ಕೂತರು.

ವೈದ್ಯಕೀಯ ಕೋಣೆಯಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಎಡಗೈಯನ್ನು ಪಟ್ಟಿಯಲ್ಲಿ ಎದೆಗೆ ಕಟ್ಟಿದ್ದರು. ಬೆರಳಿಗೆ ಬಣ್ಣ ಬಂದಿತ್ತು. ಅವಳು ಮೇಜಿನ ಹತ್ತಿರ ವರದಿ ಬರೆಯುತ್ತಿದ್ದಳು.

"ಇವತ್ತು ಮಾಡಿದ್ದು ತಪ್ಪಲ್ಲ," ಎಂದಳು ಕೊನೆಗೆ. "ನೋಡದೆ ಸೈನ್ ಮಾಡಿದ್ನಲ್ಲ, ಅದು ತಪ್ಪು. ಹಾಗೇ ಬರೆದಿದೀನಿ. ನನ್ನನ್ನ ತಂಡದಿಂದ ತೆಗೀಬಹುದು."

"ನಾನು ಬೇಡ್ಕೊಂಡು ಮಾಡಿಸಿದ್ದು ಅದು."

"ಮಾಡಿದ್ದು ನಾನು."

"ಯಾಕೆ ಮಾಡಿದ್ರಿ?"

"ನೀವು ಇನ್ನೊಂದು ಸಲ ನನ್ನ ದ್ವೇಷಿಸೋದನ್ನ ತಡ್ಕೊಳ್ಳೋ ಶಕ್ತಿ ನನಗಿರ್ಲಿಲ್ಲ... ಅದಕ್ಕೆ!"

ಅವನು ತಿರುಗಿ ನೋಡಿದ. "ದ್ವೇಷನಾ?"

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಬಲಗೈಯಲ್ಲಿ ತಡವರಿಸಿ ಒತ್ತಿದ, ಸ್ಪೀಕರ್ ಆನ್ ಆಯಿತು. ಅವನ ಅಮ್ಮ!

"ಕೈ ಹೇಗಿದೆಯೋ?"

"ಇದೆ. ಪದಕ ಇಲ್ಲ."

"ಪದಕ ಬೀರು ಎತ್ತುತ್ತೇನೋ? ಟಿವೀಲಿ ಎಲ್ಲಾ ನೋಡ್ದೆ. ಆ ಡಾಕ್ಟ್ರಮ್ಮ ಅಲ್ಲಿದಾರಾ? ನೋಡಮ್ಮಾ, ಪುಣ್ಯಾತ್ಗಿತ್ತಿ ನೀನು. ಇವನೋ ಒಂದು ವರ್ಷದಿಂದ ನಿನ್ನ ಬೈತಾನೇ ಇದಾನೆ..."

"ಅಮ್ಮಾ, ಫೋನ್ ಇಡು!"

"ಸುಮ್ನಿರೋ. ಮೊದಮೊದಲು 'ಆ ಡಾಕ್ಟ್ರು ನನ್ನ ಹಾಳು ಮಾಡಿದ್ರು' ಅಂತಿದ್ದ. ಆಮೇಲೆ 'ಆ ಡಾಕ್ಟ್ರು ನಮ್ಮ ತಂಡಕ್ಕೇ ಬಂದಿದಾರಮ್ಮ' ಅಂತ. ಮೊನ್ನೆಯಿಂದ 'ಆ ಡಾಕ್ಟ್ರು ಸರಿಯಾಗಿ ಊಟಾನೇ ಮಾಡ್ತಿಲ್ಲ' ಅಂತ! ಬೈಗುಳ ಎಲ್ಲಿಗೆ ಮುಗೀತು, ಮಿಕ್ಕಿದ್ದು ಎಲ್ಲಿಂದ ಶುರುವಾಯ್ತು ಅಂತ ಹೆತ್ತವಳಿಗೆ ಗೊತ್ತಾಗಲ್ವಾ?"

ಫೋನ್ ಎದೆಯಿಂದ ಜಾರಿ ಮಂಚದ ಕೆಳಗೆ ಬಿತ್ತು. ಅಮ್ಮ ಅಲ್ಲಿಂದಲೂ ಸ್ವಲ್ಪ ಹೊತ್ತು ಮಾತಾಡಿದರು.

ಹೊರಗೆ ಚಪ್ಪಾಳೆ ಶುರುವಾಯಿತು. ಪದಕ ಕೊಡುತ್ತಿದ್ದರು. ಬಾಗಿಲು ಮುಚ್ಚಿದರೂ ಕೇಳುತ್ತಿತ್ತು. ಅವನು ತುಟಿ ಕಚ್ಚಿ ತಡೆದ, ತಡೆದ, ಆಮೇಲೆ ತಡೆಯಲಾಗದೆ ಅತ್ತ. ಅವಳ ಪೆಟ್ಟಿಗೆಯಲ್ಲಿ ಅದಕ್ಕೆ ಔಷಧಿ ಇರಲಿಲ್ಲ. ಬಂದು ಮಂಚದ ಅಂಚಿಗೆ ಕೂತಳು. ಅವಳ ಕಣ್ಣಲ್ಲೂ ನೀರು ಇಳಿಯಿತು.

"ಭುಜ ತೋರಿಸಿದ್ರೆ ಆಡೋಕೆ ಬಿಡಲ್ಲ ಅಂತ ನಿಮ್ಮ ಕೋಣೆಗೆ ಬರ್ಲಿಲ್ಲ," ಎಂದ ಅವನು. "ಮುಖ ನೋಡಿದ್ರೆ ತೋರಿಸಿಬಿಡ್ತೀನಿ ಅನ್ನೋ ಭಯ ಬೇರೆ."

"ಅಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

"ಕೋಪ ಮಾತ್ರ ಹೋಗಿಲ್ಲ. ಪದಕ ನೆನಪಾದಾಗೆಲ್ಲ ಬರುತ್ತೆ... ಬಹುಶಃ ಸಾಯೋವರೆಗೂ."

"ಬರ್ಲಿ. ಬಂದಾಗೆಲ್ಲ ನನ್ನನ್ನೇ ಬೈಯಿರಿ."

"ದಿನಾ ಬರಬಹುದು. ದಿನಾ ಎದುರಿಗೆ ಇರ್ತೀರಾ?"

"ಇರ್ತೀನಿ. ಆದ್ರೆ ಹೀಗೆ ನೀವು, ತಾವು ಅಂತ ಬೈದ್ರೆ ಕೇಳಿಸ್ಕೊಳ್ಳಲ್ಲ."

"ಸರಿ... ಅಳಬೇಡ ನೀನು. ಇಬ್ಬರ ಕಣ್ಣೂ ಒರೆಸೋಕೆ ನನಗಿರೋದು ಒಂದೇ ಕೈ."

"ನನ್ನವು ಎರಡಿವೆಯಲ್ಲ," ಎಂದಳು ಅವಳು. "ಇಬ್ಬರಿಗೂ ಸೇರಿ ಮೂರು ಸಾಕು."