ಎಳ್ಳಮಾವಾಸ್ಯೆಗೆ ಕಳುವಾದ ಹೊಗೆಕೊಳವೆಗಳು

ಎಳ್ಳಮಾವಾಸ್ಯೆಯ ಸಂಜೆ ಹೊಲದಿಂದ ಮರಳಿದ ಸಂಗವ್ವ ಒಲೆ ಹೊತ್ತಿಸಿದಳು. ಹೊಗೆ ಹೊರಗೆ ಹೋಗಲಿಲ್ಲ. ಅಡುಗೆಮನೆ ತುಂಬ ಸುತ್ತಿ ಕಣ್ಣಿಗೆ ಅಡರಿತು. ತಡವರಿಸುತ್ತ ಗೋಡೆ ಮುಟ್ಟಿ ನೋಡಿದಳು. ತಗಡಿನ ಹೊಗೆಕೊಳವೆ ಇಲ್ಲ. ಅದಿದ್ದ ಕಂಡಿಗೆ ಯಾರೋ ಹಸಿ ಮಣ್ಣು ಮೆತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಸನಮಡಿ ಊರಿನ ಏಳು ಮನೆಗಳಲ್ಲಿ ಅದೇ ಗೋಳು. ಊರೆಲ್ಲ ಭೂತಾಯಿಗೆ ಎಡೆ ಎರಚಿ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಹಾಡಹಗಲೇ ಕಳ್ಳತನವಾಗಿತ್ತು.

ಮರುದಿನ ಜತ್ತದ ಠಾಣೆಯಿಂದ ಜಮಾದಾರ ವಿಠೋಬ ಬಂದ. ಜೊತೆಗೆ ಗ್ರಾಮಸೇವಿಕೆ ಇಂದ್ರಾಬಾಯಿ. ವಿಕಾಸ ಯೋಜನೆಯ ಹೊಗೆಯಿಲ್ಲದ ಒಲೆಗಳನ್ನು ಈ ಊರಿಗೆ ತಂದವಳು ಅವಳೇ.

ಕೊಳವೆ ಉಳಿದದ್ದು ಎರಡೇ ಮನೆಯಲ್ಲಿ. ಒಂದು ಹೊಲವಿಲ್ಲದ ಮುದುಕಿ ಕಾಳವ್ವನದು. ಇನ್ನೊಂದು, ಆ ಕೊಳವೆಗಳನ್ನೆಲ್ಲ ಮಾಡಿಕೊಟ್ಟ ತಗಡಿನ ಕೆಲಸದ ರಸೂಲನದು.

"ನಿನ್ನಿ ಊರಾಗ ಉಳಿದಂವ ನೀ ಒಬ್ಬನ," ಎಂದ ವಿಠೋಬ. "ಹಳೇವು ಹೋದ್ರ ಹೊಸಾವು ಮಾಡಾಕ ನಿನಗ ಹೇಳ್ತಾರ. ಚಲೋ ದಂಧೆ."

"ಊರಾಂದೆಲ್ಲಾ ಕದ್ದು ನನ್ನ ಮನೀದಷ್ಟ ಬಿಡಾಕ ನಾ ಏನು ಹುಚ್ಚೇನ್ರಿ?"

"ಶ್ಯಾಣ್ಯಾ ಇದ್ದಿದ್ರ ಕದೀತಿದ್ದಿಲ್ಲ."

ರಸೂಲನ ಹೆಂಡತಿ ಖೈರುನಬಿ ಇಂದ್ರಾಬಾಯಿಯ ಕಡೆ ತಿರುಗಿದಳು. "ತಾಲೂಕಿನ ಕೊಳವಿ ಕೆಲಸ ಎಲ್ಲಾ ಇವ್ರಿಗೇ ಕೊಡಸ್ತೇನಿ ಅಂದಿದ್ರಿ ಬಾಯಾರ. ಕಳ್ಳ ಅನ್ನಿಸ್ಕೊಂಡ ಮ್ಯಾಲ ಒಂದು ಡಬ್ಬಿಗೆ ಬೆಸಗಿ ಹಾಕಾಕೂ ಯಾರೂ ಕರ್ಯಾಂಗಿಲ್ರಿ."

ಮಧ್ಯಾಹ್ನದ ಬಸ್ಸಿಗೆ ರಸೂಲನನ್ನು ಜತ್ತಕ್ಕೆ ಒಯ್ಯುವುದಾಗಿ ವಿಠೋಬ ಹೇಳಿದ. ನಿಜವಾದ ಕಳ್ಳನನ್ನು ಹುಡುಕಲು ಇಂದ್ರಾಬಾಯಿಗೆ ಉಳಿದದ್ದು ಅಷ್ಟೇ ವೇಳೆ.

* * *

ಸಂಗವ್ವನ ಅಡುಗೆಮನೆಯಲ್ಲಿ ಇಂದ್ರಾಬಾಯಿ ಕಂಡಿಯನ್ನು ನೋಡುತ್ತ ನಿಂತಳು. ಮಣ್ಣನ್ನು ಒದ್ದೆ ಕೈಯಿಂದ ನುಣ್ಣಗೆ ಸವರಿದ್ದರು. ಕಳ್ಳನಿಗೆ ಕಂಡಿ ಮುಚ್ಚುವ ಗೊಡವೆ ಯಾಕೆ?

ಒಲೆಯ ಮೇಲೆ ಜಂತಿಗೆ ಸಜ್ಜೆಯ ತೆನೆಗಳು ತೂಗುತ್ತಿದ್ದವು. ಮುಂದಿನ ಬಿತ್ತನೆಯ ಬೀಜ. ಮುಟ್ಟಿದಳು. ಹಿಟ್ಟಿನಂಥ ಪುಡಿ ಕೈಮೇಲೆ ಉದುರಿತು.

"ನುಸಿ ಏನ್ರಿ?"

"ಹಗೂರ ಅನ್ರಿ ಬಾಯಾರ. ನೆರಿಯವ್ರಿಗೆ ಕೇಳ್ತದ." ಸಂಗವ್ವ ಮೋರೆ ತಗ್ಗಿಸಿದಳು. ಬೀಜಕ್ಕೆ ಹುಳ ಬಿತ್ತೆಂದರೆ ಮನೆಯೊಡತಿಗೇ ಕುಂದು. "ಮೊದಲ ಹೊಗಿ ಬಡೀತಿತ್ತು. ಒಂದು ನುಸಿ ಸುಳೀತಿದ್ದಿಲ್ಲ."

"ಸಭಾದಾಗ ಯಾಕ ಹೇಳ್ಲಿಲ್ರಿ?"

"ನೀವು ಕೇಳಿದ್ದು ಗಂಡಸರನ್ನ. ನಾವು ಬಾಗಲದ ಹಿಂದ ಇದ್ವಿ."

ಇಂದ್ರಾಬಾಯಿಗೆ ಚುರುಕ್ಕೆಂದಿತು. ರಸ್ತೆಯೋ, ಶಾಲೆಯ ಮಾಡೋ, ಒಲೆಯೋ, ಯಾವುದು ಮೊದಲು ಎಂದು ಅವಳು ಸಭೆಯನ್ನು ಕೇಳಿದ್ದಳು. ಸಂಗವ್ವನ ಗಂಡ, ಊರ ಪಂಚ ಶ್ರೀಶೈಲಪ್ಪ ಎದ್ದು ನಿಂತಿದ್ದ. 'ನಮ್ಮವ್ವ ಹೊಗ್ಯಾಗ ಕಣ್ಣು ಕಳಕೊಂಡಾಳ. ಒಲಿ ಮೊದಲ.' ಮರುಮಾತಿಲ್ಲದೆ ಎಲ್ಲರೂ ಒಪ್ಪಿದ್ದರು. ರಸೂಲ ಕಟ್ಟೆಯ ಮೇಲೆ ಕೊಳವೆ ಇಟ್ಟು ಹೋಗುತ್ತಿದ್ದ. ಮನೆಮನೆಯ ಒಳಗೆ ಹೋಗಿ ಕೂಡಿಸಿದವನು ಶ್ರೀಶೈಲಪ್ಪನೇ.

"ಚರಗ ಚಂದ ಆತೇನ್ರಿ?" ಎಂದು ಮಾತು ಬದಲಿಸಿದಳು.

"ಆತ್ರಿ. ಈ ಸಲ ಮೈದುನ ಚೆಲ್ಲಿದ. ಇವ್ರು ಹೊಟ್ಟಿ ನೋವು ಅಂತ ಅರ್ಧ ದಾರ್ಯಾಗಿಂದ ತಿರುಗಿ ಬಂದ್ರು."

ಇಂದ್ರಾಬಾಯಿ ಕೈಮೇಲಿನ ಪುಡಿ ಒರೆಸಿಕೊಂಡು ಹೊರಟಳು. ಉಳಿದ ಮನೆಗಳ ಜಂತಿ ನೋಡಿ, ಚರಗ ಯಾರು ಚೆಲ್ಲಿದರೆಂದು ಕೇಳಿ ಬಂದಳು.

* * *

ಚಾವಡಿಯಲ್ಲಿ ರಸೂಲ ಹೊರಡಲು ಎದ್ದಿದ್ದ. ಪಂಚರ ನಡುವೆ ಶ್ರೀಶೈಲಪ್ಪ. ಹೆಂಗಸರು ಬಾಗಿಲ ಆಚೆ.

"ಜಮಾದಾರ್ರ, ಒಂದೀಟು ನಿಲ್ರಿ." ಇಂದ್ರಾಬಾಯಿಯ ದನಿ ಮೆಲ್ಲಗಿತ್ತು, ಜನ ಮುಂದಕ್ಕೆ ಬಾಗಿದರು. "ಕೊಳವಿ ಹೋದ ಮನ್ಯಾಗೆಲ್ಲಾ ಒಲಿ ಮ್ಯಾಲ ಬೀಜದ ತೆನಿ ಅದಾವ. ಉಳಿದ ಎರಡು ಮನ್ಯಾಗ ಹೊಲ ಇಲ್ಲ, ತೆನೀನೂ ಇಲ್ಲ. ಕದ್ದಂವಗ ತಗಡು ಬೇಕಿದ್ದಿಲ್ಲ. ಹೊಗಿ ಮನ್ಯಾಗ ಉಳೀಬೇಕಿತ್ತು. ಅದಕ್ಕ ಕಂಡಿ ಮುಚ್ಯಾನ."

"ಕಳುವು ಮಾಡಿ ಕಂಡಿಗೆ ಮಣ್ಣಿನ ಗಿಲಾವೂ ಮಾಡ್ಯಾನಂದ್ರ ನನಗೂ ಖರೇನ ತಿಳೀಲಿಲ್ಲ," ಎಂದ ವಿಠೋಬ.

"ಯಾರ ಅಡಗಿ ಮನ್ಯಾಗ ತೆನಿ ತೂಗ್ಯಾವ ಅನ್ನೂದು ರಸೂಲಗ ಹ್ಯಾಂಗ ಗೊತ್ತಾಗಬೇಕು? ಅವನನ್ನ ಯಾರೂ ಹೊಸ್ತಿಲ ದಾಟಿಸಿಲ್ಲ. ಎಲ್ಲಾ ಮನಿ ಒಳಗ ಹೋದಂವ ಒಬ್ಬನ. ನಿನ್ನಿ ಮನೀ ಯಜಮಾನ ಇದ್ದೂ ಚರಗ ಅವನ ತಮ್ಮ ಚೆಲ್ಲಿದ್ದು ಒಂದ ಹೊಲದಾಗ." ಅವಳು ತಡೆದಳು. "ಶ್ರೀಶೈಲಪ್ಪನವರ, ಹೊಟ್ಟಿ ನೋವು ಈಗ ಹ್ಯಾಂಗದ?"

ಶ್ರೀಶೈಲಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟ.

"ಕೊಳವಿ ನಮ್ಮ ಕಾಳು ತುಂಬೂ ಹಗೇವಿನ್ಯಾಗ ಅದಾವ," ಎಂದ. "ನನ್ನ ಮಾತಿಗೆ ಊರು ಒಲಿ ಹಾಕಿಸ್ತು. ನನ್ನ ಬೀಜಕ್ಕ ನುಸಿ ಬಿತ್ತು. ಊರಿಂದು ಉಳೀಲಿ ಅಂದೆ. ನಾ ತಪ್ಪಿದೆ ಅನ್ನಾಕ ಮಾತ್ರ ಬಾಯಿ ಬರ್ಲಿಲ್ಲ."

"ರಸೂಲನ್ನ ಒಯ್ಯಾಕ ನಿಂತಾಗೂ ಬರ್ಲಿಲ್ಲೇನ್ರಿ?" ಎಂದಳು ಇಂದ್ರಾಬಾಯಿ.

ಶ್ರೀಶೈಲಪ್ಪ ತೊಡೆಯ ಮೇಲಿನ ರುಮಾಲನ್ನು ಮಡಚತೊಡಗಿದ.

ಇಂದ್ರಾಬಾಯಿ ಬಾಗಿಲ ಕಡೆ ತಿರುಗಿದಳು. "ಆವತ್ತು ನಿಮ್ಮನ್ನ ಕೇಳ್ಲಿಲ್ಲ. ಈಗ ಹೇಳ್ರಿ. ಕಣ್ಣು ಮೊದಲೋ, ಬೀಜ ಮೊದಲೋ?"

"ಎರಡೂ ಬೇಕ್ರಿ," ಕಾಳವ್ವ ಕೂಗಿದಳು. ಹೆಂಗಸರು ನಕ್ಕರು. ಸಂಗವ್ವ ಹೊಸ್ತಿಲವರೆಗೂ ಬಂದಳು. "ನಮ್ಮ ಹಿತ್ತಲ ಖೋಲ್ಯಾಗ ಕೊಳವಿ ಇಲ್ಲದ ಒಂದು ಹಳೀ ಒಲಿ ಇರ್ಲಿ. ಎಲ್ಲಾರೂ ಬೀಜ ಅಲ್ಲೇ ಕಟ್ಟೂಣು. ಪಾಳಿ ಮ್ಯಾಲ ಉರಿ ಹಾಕೂಣು. ಮನ್ಯಾಗ ಕೊಳವಿ ಇರ್ಲಿ."

ವಿಠೋಬ ಎದ್ದ. "ಬಸ್ಸಿಗೆ ರಸೂಲ ಬ್ಯಾಡ. ನೀವ ನಡೀರಿ ಶ್ರೀಶೈಲಪ್ಪ. ಠಾಣೇದಾಗ ಇದನ್ನ ಹೇಳಬೇಕು."

"ಕೊಳವಿ ಯಾರು ಕೂಡಸೂದು?" ಎಂದ ಪಂಚರಲ್ಲೊಬ್ಬ.

"ನಾ ಕೂಡಸ್ತೇನಿ," ಎಂದ ರಸೂಲ. "ಆದ್ರ ಕಟ್ಟಿ ಮ್ಯಾಲ ಇಟ್ಟು ಹೋಗಾಂವಲ್ಲ. ಒಳಗ ಬಂದು ಕೂಡಸ್ತೇನಿ."

ಪಂಚರು ಶ್ರೀಶೈಲಪ್ಪನ ಮುಖ ನೋಡಿದರು. ಶ್ರೀಶೈಲಪ್ಪ ಹೆಂಡತಿಯ ಮುಖ ನೋಡಿದ.

"ಬಾ ತಮ್ಮಾ," ಎಂದಳು ಸಂಗವ್ವ. "ಒಲಿ ಆರಸ್ತೇನಿ."