ಬೆಳೆಗೊಳವೆ ಹಿಡಿದ ದಾರಿ

ಬೀದರಿನ ಹಳೇ ಪೇಟೆಯ ಕಲ್ಲುಕಟ್ಟಡದ ಗೋಡೆಯೊಳಗೆ, ತಾನಾಗಿ ಬೆಳೆಯುವ ನೀರಿನ ಕೊಳವೆ, ಅಂದರೆ ಬೆಳೆಗೊಳವೆ, ಬೆಳಿಗ್ಗೆಯಿಂದ ತೆವಳುತ್ತಿತ್ತು. ಹೊಲಿಗೆ ಶಾಲೆ ನಡೆಸುವ ನಾಗೂಬಾಯಿ ಗೋಡೆಗೆ ಕಿವಿಗೊಟ್ಟು ನಿಂತಿದ್ದರು. ಮುಂದಿನ ಶತಮಾನದ ಬೀದರಿನ ಚಳಿ ಈಗಿನಂತಲ್ಲ, ಸೂಜಿ ಹಿಡಿದ ಬೆರಳು ಮರಗಟ್ಟುತ್ತಿತ್ತು. ಹನ್ನೊಂದು ವಿದ್ಯಾರ್ಥಿನಿಯರಲ್ಲಿ ಒಬ್ಬಳೂ ಹದಿನೈದು ದಿನದಿಂದ ತಲೆ ಹಾಕಿರಲಿಲ್ಲ. ಈ ವಾರವೂ ಬಾರದಿದ್ದರೆ ಶಾಲೆಗೆ ಬೀಗ. ತನ್ನ ಹರಿತ ನಾಲಿಗೆಗೆ ಹೆದರಿಯೇ ಓಡಿಹೋದರೇನೋ ಎಂದು ನಾಗೂಬಾಯಿ ಒಳಗೊಳಗೇ ಕೊರಗುತ್ತಿದ್ದರು.

"ತಾಮ್ರದ ಪೈಪ್ ಹಾಕಿದ್ರ ಆಗ್ತಿರಲಿಲ್ಲೇನವ್ವ?" ಎಂದು ಕೇಳಿದರು.

"ಮೂರಡಿ ಗೋಡಿ ಕೊರದ್ರ ಗಚ್ಚೆಲ್ಲ ಉದುರ್ತದ್ರಿ ಅಕ್ಕೋರ," ಎಂದಳು ಕೊಳವೆ ತಂದಿದ್ದ ವಿಜ್ಞಾನಿ ಮಹಾನಂದಾ. "ಪ್ಲಾಸ್ಟಿಕ್ಕು ಕಾದ ನೀರಿಗೆ ಜೋತು ಬೀಳ್ತದ. ಇದು ಕಲ್ಲಿನ ಸಂದಿ ಹಿಡಿದು ತಾನೇ ಬೆಳೀತದ."

ಬೆಳೆಗೊಳವೆಯ ತುದಿಯಲ್ಲಿ ಸಾಸಿವೆಯಷ್ಟು ಚಿಕ್ಕ ಉಸಿರುಗ್ರಾಹಿ ಇರುತ್ತದೆ. ಜನರ ಉಸಿರು ಎಲ್ಲಿ ಹೆಚ್ಚೋ ಅತ್ತ ಅದು ಕೊಳವೆಯನ್ನು ನಡೆಸುತ್ತದೆ. ಅಂಗಳದ ಬಾಯ್ಲರಿನಿಂದ ಹೊರಟ ಕೊಳವೆ ಶಾಲೆಯ ಹಾಲ್‌ನಲ್ಲಿರುವ ರೇಡಿಯೇಟರನ್ನು ಸೇರಿದರೆ, ಬಿಸಿನೀರು ಆ ಕಬ್ಬಿಣದ ಪೆಟ್ಟಿಗೆಯಲ್ಲಿ ಹರಿದು ಕೋಣೆ ಬೆಚ್ಚಗಾಗುತ್ತದೆ. ನಾಗೂಬಾಯಿ ಪೆಟ್ಟಿಗೆಗೆ ಆಗಲೇ ಅರಿಶಿನ ಕುಂಕುಮ ಹಚ್ಚಿ ಹೂವೇರಿಸಿದ್ದರು.

"ನಾವು ಇಬ್ಬರೇ ಇದ್ದೀವಲ್ಲ, ನಮ್ಮ ಉಸಿರು ಸಾಕಾಗ್ತದೇನು?" ಎಂದರು.

"ಕಟ್ಟಡದಾಗ ಬ್ಯಾರೆ ಯಾರಿದ್ದಾರ್ರಿ?"

ಮಧ್ಯಾಹ್ನ ಕೊಳವೆ ಹಾಲ್‌ನ ಗೋಡೆ ದಾಟಿ, ಪೆಟ್ಟಿಗೆಯ ಕಡೆ ಬಾರದೆ ಎಡಕ್ಕೆ ತಿರುಗಿತು. ಮಹಾನಂದಾಳ ಮುಖ ಸಪ್ಪಗಾಯಿತು. ಇಬ್ಬರೂ ಸದ್ದಿನ ಬೆನ್ನು ಹತ್ತಿ ಹಿತ್ತಲಿಗೆ ಹೋದರು. ಗೋಡೆಗೆ ಅಂಟಿಕೊಂಡಂತೆ ಜುಲೇಖಾಬಿಯ ಬೇಕರಿ. ಒಳಗಿಂದ ಕಿಟಾರನೆ ಕೂಗು ಕೇಳಿಸಿತು.

ಭಟ್ಟಿಯ ಹಿಂದಿನ ಕೋಣೆಯಲ್ಲಿ ಹನ್ನೊಂದೂ ವಿದ್ಯಾರ್ಥಿನಿಯರು ಹೊಲಿಗೆ ಹಿಡಿದು ಕೂತಿದ್ದರು. ಗೋಡೆಯಿಂದ ಇಣುಕಿದ ಕೊಳವೆಯನ್ನು ಕಂಡು ಬೆಚ್ಚಿದ್ದವರು ನಾಗೂಬಾಯಿಯನ್ನು ಕಂಡು ಇನ್ನಷ್ಟು ಬೆಚ್ಚಿ ಎದ್ದು ನಿಂತರು.

"ಸಿಟ್ಟಾಗಬ್ಯಾಡ್ರಿ ಅಕ್ಕೋರ," ಹಿರಿಯಳಾದ ಕಾಶಮ್ಮ ತೊದಲಿದಳು. "ನೀವು ಓಡ್ಯಾಡಿ ಕಟ್ಟಿದ ಸಾಲಿ ಅದು. ಅಲ್ಲಿ ಥಂಡಿ ಅದ ಅಂತ ಯಾವ ಬಾಯಿಲೆ ಹೇಳೋದ್ರಿ?"

ನಾಗೂಬಾಯಿಯ ಹದಿನೈದು ದಿನದ ಕೊರಗು ಒಮ್ಮೆಲೇ ಇಳಿದು, ನಗುವೂ ಅಳುವೂ ಒಟ್ಟಿಗೇ ಬಂದವು. ಅದನ್ನು ಮರೆಮಾಚಲು ಕಾಶಮ್ಮನ ಕೈಯಲ್ಲಿದ್ದ ಕುಪ್ಪಸ ಕಸಿದುಕೊಂಡರು.

"ತೋಳು ಉಲ್ಟಾ ಕೂಡಿಸಿದಿ. ಬಿಚ್ಚು!"

"ನೀವಿಲ್ದೆ ಹ್ಯಾಂಗ ಬರ್ತದ್ರಿ?"

ಕೊಳವೆಯನ್ನು ಹಿಂದಕ್ಕೆ ಎಳೆಯಲು ಎಂಟು ದಿನ ಬೇಕೆಂದು ಮಹಾನಂದಾ ಪೇಚಾಡಿದಳು.

"ಯಾಕ ಎಳೀಬೇಕು? ಅದಕ್ಕ ಬೇಕಾದದ್ದು ಉಸಿರಲ್ಲೇನು? ಏಳ್ರಿ ಎಲ್ಲಾರೂ, ಹಾಲ್‌ಗೆ ನಡೀರಿ!" ಎಂದರು ನಾಗೂಬಾಯಿ.

ಹನ್ನೊಂದು ಜನ ಬೆಚ್ಚನೆಯ ಭಟ್ಟಿ ಬಿಟ್ಟು, ಗಡಗಡ ನಡುಗುತ್ತ ತಣ್ಣನೆಯ ರೇಡಿಯೇಟರಿನ ಸುತ್ತ ಕೂತರು. ಒಬ್ಬಳೂ ಏಳಲಿಲ್ಲ. ಕವಲೊಡೆದ ಕೊಳವೆ ಅವರ ಹಿಂದೆಯೇ ಬಂದು, ಹೊತ್ತು ಮುಳುಗುವ ಮೊದಲೇ ಪೆಟ್ಟಿಗೆಯನ್ನು ಸೇರಿತು. ಅದು ಬಂದದ್ದನ್ನು ನೋಡಿದವಳು ಮಹಾನಂದಾ ಒಬ್ಬಳೇ. ಉಳಿದವರೆಲ್ಲ ತಲೆ ತಗ್ಗಿಸಿ, ನಾಗೂಬಾಯಿಯ ಕೈಯಲ್ಲಿ ಬೈಸಿಕೊಳ್ಳುತ್ತ, ಉಲ್ಟಾ ಕೂಡಿಸಿದ ತೋಳುಗಳ ಹೊಲಿಗೆಯನ್ನು ಖುಷಿಯಿಂದ ಬಿಚ್ಚುತ್ತಿದ್ದರು.